ಆಕಾಶಯಾನಕ್ಕೂ ಬೇಕು ಬುತ್ತಿ

ಬೆಂಗಳೂರಿನ ದಕ್ಷಿಣ ಬಡಾವಣೆಗಳಲ್ಲಿರುವವರು ಬೆಳಿಗ್ಗೆ ಏಳರ ವಿಮಾನ ಹಿಡಿಯಬೇಕಾದರೆ ನಸುಕಿನ ನಾಲ್ಕಕ್ಕೇ ಮನೆ ಬಿಡಬೇಕು. ಆ ಹೊತ್ತಿನಲ್ಲಿ ಯಾರಿಗೂ ಹಸಿವಿರುವುದಿಲ್ಲ. ದೇವನಹಳ್ಳಿ ತಲುಪಿ, ಭದ್ರತಾ ತಪಾಸಣೆಯ ಸಾಲು ದಾಟುವಷ್ಟರಲ್ಲಿ ಹೊಟ್ಟೆ ಚುರುಗುಟ್ಟುತ್ತದೆ. ವಿಮಾನದ ಬಾಗಿಲು ಮುಚ್ಚಲು ಆಗ ಅರ್ಧ ಗಂಟೆಯಷ್ಟೇ ಉಳಿದಿರುತ್ತದೆ. ಕಣ್ಣೆದುರಿನ ಗಾಜಿನ ಪೆಟ್ಟಿಗೆಯಲ್ಲಿ ಪಫ್, ಬರ್ಗರ್, ಕೇಕುಗಳು ಕೈಬೀಸಿ ಕರೆಯುತ್ತವೆ. ಇಡ್ಲಿ ಸಿಗುವುದಿಲ್ಲವೆಂದಲ್ಲ, ಅದರ ಮುಂದೆ ಉದ್ದನೆಯ ಸಾಲು, ಬೆಲೆಯೋ ಊರಿನ ದರ್ಶಿನಿಯ ಹಲವು ಪಟ್ಟು.

ಮಧುಮೇಹಕ್ಕೆ ಔಷಧ ತೆಗೆದುಕೊಳ್ಳುವ ಹಿರಿಯರಿಗೆ ಇದು ಕೇವಲ ನಾಲಿಗೆಯ ಪ್ರಶ್ನೆಯಲ್ಲ. ಇನ್ಸುಲಿನ್ ಚುಚ್ಚಿಕೊಂಡು ಊಟ ತಡವಾದರೆ ರಕ್ತದ ಸಕ್ಕರೆ ಕುಸಿಯುವ ಭಯ. ಸಿಕ್ಕಿದ್ದನ್ನು ತಿಂದರೆ ಅದು ಏರುವ ಭಯ.

ವಿಮಾನಯಾನ ಇಂದು ಸಿರಿವಂತರ ಸೊತ್ತಾಗಿ ಉಳಿದಿಲ್ಲ. 2003ರಲ್ಲಿ ಏರ್ ಡೆಕ್ಕನ್ ಕಡಿಮೆ ದರದ ಹಾರಾಟ ಆರಂಭಿಸಿದಾಗ ಮಧ್ಯಮ ವರ್ಗಕ್ಕೆ ಆಕಾಶ ತೆರೆಯಿತು. ಜತೆಗೇ ಊಟ ಟಿಕೆಟ್ಟಿನಿಂದ ಹೊರಬಿತ್ತು. 2008ರಲ್ಲಿ ಬೆಂಗಳೂರಿನ ನಿಲ್ದಾಣ ಎಚ್‌ಎಎಲ್‌ನಿಂದ ದೇವನಹಳ್ಳಿಗೆ ಸ್ಥಳಾಂತರಗೊಂಡ ಮೇಲೆ ನೆಲದ ಪಯಣವೂ ದೀರ್ಘವಾಯಿತು. ಹೀಗೆ ಒಂದು ಗಂಟೆಯ ಹಾರಾಟಕ್ಕೆ ಐದು ಗಂಟೆಯ ಉಪವಾಸ ಅಂಟಿಕೊಂಡಿತು.

ಬೆಲೆ ಏರುವುದಕ್ಕೆ ಕಾರಣ ಗುಟ್ಟಿನದೇನಲ್ಲ. ಮಳಿಗೆಯವರು ಬಾಡಿಗೆಯನ್ನೋ ವಹಿವಾಟಿನ ಪಾಲನ್ನೋ ನಿಲ್ದಾಣಕ್ಕೆ ತೆರಬೇಕು. ತಪಾಸಣೆ ದಾಟಿದ ಗ್ರಾಹಕ ಬೇರೆಡೆ ಹೋಗಲಾರ. ನಿಲ್ದಾಣಗಳ ವಾಣಿಜ್ಯ ಆದಾಯದ ಶೇ 30ರಷ್ಟನ್ನು ವಿಮಾನಯಾನ ಶುಲ್ಕಗಳ ಹೊರೆ ತಗ್ಗಿಸಲು ಬಳಸುವ ಪದ್ಧತಿಯನ್ನು 2016ರ ರಾಷ್ಟ್ರೀಯ ನಾಗರಿಕ ವಿಮಾನಯಾನ ನೀತಿ ಒಪ್ಪಿಕೊಂಡಿತು. ಅಂದರೆ, ಟಿಕೆಟ್ಟಿನಲ್ಲಿ ತುಸು ಉಳಿದದ್ದನ್ನು ನಾವು ಕಾಫಿಯ ಲೋಟದಲ್ಲಿ ತೆರುತ್ತಿದ್ದೇವೆ.

ಈ ಕುರಿತು ಸಂಸತ್ತಿನಲ್ಲೂ ದನಿ ಎದ್ದಿತು. 2024ರ ಡಿಸೆಂಬರಿನಲ್ಲಿ ಕೋಲ್ಕತ್ತ ನಿಲ್ದಾಣದಲ್ಲಿ ‘ಉಡಾನ್ ಯಾತ್ರಿ ಕೆಫೆ’ ಆರಂಭವಾಯಿತು. ಅಲ್ಲಿ ಚಹಾ, ನೀರಿಗೆ 10 ರೂಪಾಯಿ. ಕಾಫಿ, ಸಮೋಸಕ್ಕೆ 20 ರೂಪಾಯಿ. ಹೆಜ್ಜೆ ಸ್ವಾಗತಾರ್ಹ. ಆದರೆ ಅಗ್ಗದ ಆಹಾರವೆಂದರೆ ಕರಿದ ಸಮೋಸವೇ ಏಕಾಗಬೇಕು? ನಿಂತಲ್ಲೇ ಹತ್ತು ನಿಮಿಷದಲ್ಲಿ ಬಿಸಿ ಇಡ್ಲಿ ತಿಂದು ಕೈ ತೊಳೆಯುವ ದರ್ಶಿನಿ ಪದ್ಧತಿಯನ್ನು ರೂಢಿಸಿದ ಊರು ಬೆಂಗಳೂರು. ಇಡ್ಲಿ, ಕಾಳಿನ ಉಸಲಿ, ಮಜ್ಜಿಗೆ, ಬಾಳೆಹಣ್ಣು — ಇವಿಷ್ಟನ್ನು ನಿಗದಿತ ದರದಲ್ಲಿ ಕೊಡುವ ಒಂದು ಮಳಿಗೆ ಪ್ರತಿ ಟರ್ಮಿನಲ್‌ನಲ್ಲೂ ಕಡ್ಡಾಯವಾಗಬೇಕು. ಕುಡಿಯುವ ನೀರು, ಶೌಚಾಲಯಗಳಂತೆ ಇದೂ ಮೂಲಸೌಕರ್ಯವೇ.

ಅಲ್ಲಿಯವರೆಗೆ ಪ್ರಯಾಣಿಕರ ಎಚ್ಚರವೇ ಪ್ರಯಾಣಿಕರಿಗೆ ರಕ್ಷೆ. ಹಾರುವ ವಿಮಾನದೊಳಗಿನ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನದಕ್ಕೆ ಸಮ. ಅಲ್ಲಿ ಹೊಟ್ಟೆಯೊಳಗಿನ ವಾಯು ಹಿಗ್ಗುತ್ತದೆ, ಒಣಗಾಳಿ ಬಾಯಾರಿಸುತ್ತದೆ. ಹೊರಡುವ ಮುನ್ನ ಎಣ್ಣೆತಿಂಡಿ, ಸೋಡಾ ಪಾನೀಯ ಸಲ್ಲದೆನ್ನುವುದು ಅದಕ್ಕಾಗಿಯೇ. ಮಧುಮೇಹಿಗಳು ಬರಿಯ ಇಡ್ಲಿಗೆ ಬದಲು ಜತೆಗೆ ಸಾಂಬಾರು, ಕಾಳು ಅಥವಾ ಬೇಯಿಸಿದ ಮೊಟ್ಟೆ ಆರಿಸಿಕೊಂಡರೆ ಸಕ್ಕರೆ ಒಮ್ಮೆಲೇ ಏರದು. ಖಾಲಿ ಬಾಟಲಿ ಒಯ್ದು, ತಪಾಸಣೆಯ ಬಳಿಕ ಒಳಗಿನ ನಲ್ಲಿಯಲ್ಲಿ ತುಂಬಿಸಿಕೊಂಡರೆ ನೀರಿಗೆ ದುಡ್ಡು ತೆರಬೇಕಿಲ್ಲ.

ಎಲ್ಲಕ್ಕಿಂತ ಸುಲಭದ ದಾರಿ ನಮ್ಮ ಹಳೆಯ ಬುತ್ತಿ. ವಿಮಾನದಲ್ಲಿ ಮನೆಯ ಊಟಕ್ಕೆ ನಿಷೇಧವಿದೆಯೆಂದು ಹಲವರು ತಪ್ಪು ತಿಳಿದಿದ್ದಾರೆ. ಚಪಾತಿ-ಪಲ್ಯ, ರೊಟ್ಟಿ-ಶೇಂಗಾ ಚಟ್ನಿಪುಡಿ, ಒಗ್ಗರಣೆ ಅವಲಕ್ಕಿಯಂಥ ಗಟ್ಟಿ ಆಹಾರಕ್ಕೆ ಅಡ್ಡಿಯಿಲ್ಲ. ವಿದೇಶ ಪ್ರಯಾಣದಲ್ಲಿ 100 ಮಿಲಿಲೀಟರ್ ಮೀರಿದ ದ್ರವಕ್ಕೆ ನಿರ್ಬಂಧವಿರುವುದರಿಂದ ಸಾರು, ಮೊಸರು ಬೇಡವಷ್ಟೆ.

ನಿಜವಾದ ಅಡ್ಡಿ ನಿಯಮದ್ದಲ್ಲ, ಸಂಕೋಚದ್ದು. ರೈಲಿನಲ್ಲಿ ಬುತ್ತಿ ಬಿಚ್ಚಿ ಎದುರು ಕೂತವರಿಗೂ ಒಂದು ತುತ್ತು ನೀಡುತ್ತಿದ್ದ ನಾವು, ಹೊಳೆಯುವ ನೆಲಹಾಸು ಕಂಡೊಡನೆ ಡಬ್ಬಿಯನ್ನು ಚೀಲದ ತಳಕ್ಕೆ ತಳ್ಳುತ್ತೇವೆ. ಹಸಿದ ಹೊಟ್ಟೆಗೆ ಮನೆಯ ಅನ್ನ ಅವಮಾನವಾದದ್ದು ಎಂದಿನಿಂದ?