ಕತ್ತೆತ್ತಿ ನೋಡಬೇಕಾದ ವಿ.ಟಿ.

ಬೆಳಗಿನ ಒಂಬತ್ತರ ಹೊತ್ತು. ಲೋಕಲ್ ರೈಲು ಪೂರ್ತಿ ನಿಲ್ಲುವ ಮೊದಲೇ ಬಾಗಿಲುಗಳಿಂದ ಜನ ಧುಮುಕುತ್ತಾರೆ. ಥಾಣೆ, ಕಲ್ಯಾಣ, ಪನ್ವೇಲ್ ಕಡೆಯಿಂದ ಒಂಟಿಕಾಲಲ್ಲಿ ನಿಂತು ಬಂದ ಗುಮಾಸ್ತರು, ನರ್ಸುಗಳು, ವಕೀಲರು, ಡಬ್ಬಿಯ ಚೀಲ ಎದೆಗವಚಿಕೊಂಡ ಹುಡುಗಿಯರು. ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ಗೆ ಬಂದ ಹಳಿ ಮುಂದೆ ಹೋಗುವುದಿಲ್ಲ. ಏಳು ಲೋಕಲ್ ಪ್ಲಾಟ್‌ಫಾರಂಗಳ ಜನವೆಲ್ಲ ಒಂದೇ ತುದಿಗೆ ನುಗ್ಗಿ, ಸಬ್‌ವೇಯ ಮೆಟ್ಟಿಲಿಳಿದು ಕರಗಿಹೋಗುತ್ತದೆ. ಇಷ್ಟು ಜನರಲ್ಲಿ ಕಟ್ಟಡವನ್ನು ಕತ್ತೆತ್ತಿ ನೋಡುವವರು ಯಾರೂ ಕಾಣರು. ಪುರುಸೊತ್ತಾದರೂ ಎಲ್ಲಿದೆ?

1853ರ ಏಪ್ರಿಲ್ 16ರ ಮಧ್ಯಾಹ್ನ ದೇಶದ ಮೊದಲ ಪ್ರಯಾಣಿಕರ ರೈಲು ಹೊರಟದ್ದು ಇಲ್ಲೇ, ಆಗಿನ ಬೋರಿಬಂದರಿನಿಂದ. ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಎಂಜಿನ್‌ಗಳು 14 ಗಾಡಿಗಳಲ್ಲಿ ಸುಮಾರು 400 ಅತಿಥಿಗಳನ್ನು ಕೂರಿಸಿಕೊಂಡು 34 ಕಿ.ಮೀ. ದೂರದ ಥಾಣೆ ತಲುಪಿದವು. ಆಗಿನ ನಿಲ್ದಾಣ ತೀರ ಸಾಧಾರಣದ್ದು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಹತ್ತಿಯ ದುಡ್ಡು ಮುಂಬಯಿಗೆ ಹರಿದು ಬಂತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಬಂದರು ಇನ್ನಷ್ಟು ಬೆಳೆಯಿತು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕಂಪನಿಗೆ ತನ್ನ ಸಿರಿಗೆ ತಕ್ಕ ಮನೆ ಬೇಕೆನಿಸಿತು. ವಾಸ್ತುಶಿಲ್ಪಿ ಫ್ರೆಡರಿಕ್ ವಿಲಿಯಂ ಸ್ಟೀವನ್ಸ್ ಯುರೋಪಿನ ನಿಲ್ದಾಣಗಳನ್ನು ಸುತ್ತಿ ನೋಡಿ ಬಂದು ನಕ್ಷೆ ಬರೆದ. 1878ರಲ್ಲಿ ಶುರುವಾದ ಕೆಲಸ ಹತ್ತು ವರ್ಷ ಹಿಡಿಯಿತು. ಖರ್ಚು 16 ಲಕ್ಷ ರೂಪಾಯಿ ದಾಟಿತು. 1887ರಲ್ಲಿ ರಾಣಿಯ ಆಳ್ವಿಕೆಗೆ ಐವತ್ತು ತುಂಬಿದ ನೆಪದಲ್ಲಿ ವಿಕ್ಟೋರಿಯಾ ಟರ್ಮಿನಸ್ ಎಂಬ ಹೆಸರಿಟ್ಟರು.

ರಸ್ತೆಯಾಚೆ ಮುನಿಸಿಪಲ್ ಕಾರ್ಪೊರೇಷನ್ ಕಟ್ಟಡದ ಬದಿಗೆ ನಿಂತರೆ ಇಡೀ ಮುಖ ಕಾಣುತ್ತದೆ. (ಆ ಕಟ್ಟಡವೂ ಸ್ಟೀವನ್ಸನದೇ.) ಎರಡು ತೋಳು ಚಾಚಿ ಅಂಗಳವನ್ನು ಅಪ್ಪಿಕೊಂಡ ಹಾಗಿದೆ ನಿಲ್ದಾಣ. ಗೇಟಿನ ಕಂಬಗಳ ಮೇಲೆ ಒಂದೆಡೆ ಸಿಂಹ, ಒಂದೆಡೆ ಹುಲಿ. ಸಿಂಹ ಬ್ರಿಟನ್, ಹುಲಿ ಭಾರತ. ಕುಳಿತ ಎತ್ತರ ಮಾತ್ರ ಒಂದೇ. ಒಳಗೆ ಸಾಲು ಸಾಲು ಮೊನಚು ಕಮಾನುಗಳು, ಕಿರುಗೋಪುರಗಳು, ನಡುವೆ ಎಂಟು ಮೂಲೆಯ ಗುಮ್ಮಟ. ಅದರ ನೆತ್ತಿಯಲ್ಲಿ ಬಲಗೈಯಲ್ಲಿ ಪಂಜು, ಎಡಗೈಯಲ್ಲಿ ಚಕ್ರ ಹಿಡಿದ ಹೆಣ್ಣು. ಅವಳಿಗೆ 'ಪ್ರಗತಿ' ಎಂದು ಹೆಸರು.

ದೂರದ ನೋಟ ಸಾಮ್ರಾಜ್ಯದ ಗತ್ತಿನದು. ಹತ್ತಿರ ಹೋದರೆ ಬೇರೆಯೇ ಲೋಕ. ಬೋದಿಗೆಗಳಲ್ಲಿ ಬಳ್ಳಿ, ಎಲೆ. ಎಲೆಯ ಮರೆಯಲ್ಲಿ ಅಳಿಲು, ಕೋತಿ, ಹಾವು, ಗೂಬೆ. ಗರಿ ಬಿಚ್ಚಿದ ನವಿಲು. ಮಾಡಿನ ನೀರು ಹೊರಚೆಲ್ಲುವಲ್ಲಿ ಬಾಯ್ತೆರೆದ ಮೃಗಗಳು. ಗೋಡೆಯ ದುಂಡು ಚೌಕಟ್ಟುಗಳಲ್ಲಿ ನಾನಾ ಬಗೆಯ ಪೇಟ, ಮುಂಡಾಸುಗಳ ಮುಖಗಳು; ಕಂಪನಿಯ ಬಿಳಿ ನಿರ್ದೇಶಕರ ನಡುವೆ ಜಗನ್ನಾಥ ಶಂಕರಶೇಟ್, ಜಮ್‌ಶೇಟ್‌ಜಿ ಜೀಜೀಭಾಯ್ ಕೂಡ ಇದ್ದಾರೆ. ಈ ಅಲಂಕಾರದಲ್ಲಿ ಬಹುಪಾಲು ಮುಂಬಯಿಯ ಜೆ.ಜೆ. ಕಲಾಶಾಲೆಯ ವಿದ್ಯಾರ್ಥಿಗಳದು. ಬೇಲೂರು ನೋಡಿದ ಕಣ್ಣಿಗೆ ಕುಸುರಿ ತೆಳುವೆನಿಸೀತು. ಆದರೆ ಇಂಗ್ಲೆಂಡಿನ ಚರ್ಚುಗಳಿಂದ ಇಳಿದುಬಂದ ಕಮಾನಿಗೆ ನಮ್ಮ ತೋಟದ ಕೋತಿಯನ್ನು ಹತ್ತಿಸಿದ ಆ ಹುಡುಗರ ತುಂಟತನ ನನಗೆ ಗುಮ್ಮಟಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಗುಮ್ಮಟದ್ದೊಂದು ತಮಾಷೆಯಿದೆ. ಅಷ್ಟೆತ್ತರದ ಗುಮ್ಮಟದ ಕೆಳಗೆ ಪ್ಲಾಟ್‌ಫಾರಂ ಇಲ್ಲ, ಪ್ರಯಾಣಿಕರ ತಂಗುದಾಣವೂ ಇಲ್ಲ. ಇರುವುದು ಕಂಪನಿಯ ಸಾಹೇಬರು ಕಚೇರಿಗೆ ಹತ್ತುತ್ತಿದ್ದ ಮೆಟ್ಟಿಲು! ಗೋಡೆಯಿಂದ ಹೊರಚಾಚಿ, ಕೆಳಗೆ ಕಂಬದ ಆಸರೆಯಿಲ್ಲದೆ ಸುತ್ತಿ ಏರುವ ಕಲ್ಲಿನ ಮೆಟ್ಟಿಲು. ಬಣ್ಣದ ಗಾಜಿನಿಂದ ಸೋಸಿದ ಬೆಳಕು. ಜನರ ಪಾಲಿಗೆ ಬಂದದ್ದು ಉತ್ತರದ ತೋಳಿನ ಟಿಕೆಟ್ ಹಜಾರ. ಚಾವಣಿಯಲ್ಲಿ ನಕ್ಷತ್ರ, ಕಂಬಗಳಿಗೆ ಇಟಲಿಯ ಅಮೃತಶಿಲೆ. ಅದೇನೂ ಕಡಿಮೆಯದಲ್ಲ.

ಗಡಿಯಾರದ ಕೆಳಗಿನ ಗೂಡಿನಲ್ಲಿ ಒಂದು ಕಾಲಕ್ಕೆ ರಾಣಿಯ ಪ್ರತಿಮೆಯಿತ್ತು. ಸ್ವಾತಂತ್ರ್ಯದ ನಂತರ ಇಳಿಸಿದರು. 1996ರಲ್ಲಿ ನಿಲ್ದಾಣಕ್ಕೆ ಶಿವಾಜಿಯ ಹೆಸರು ಬಂತು, 2017ರಲ್ಲಿ 'ಮಹಾರಾಜ್' ಸೇರಿತು. ಮುಂಬಯಿ ಕನ್ನಡಿಗರ ಬಾಯಲ್ಲಿ ಅದಿನ್ನೂ ವಿ.ಟಿ.ಯೇ. ದೇಶದ ಮೊದಲ ವಿದ್ಯುತ್ ರೈಲು 1925ರ ಫೆಬ್ರುವರಿ 3ರಂದು ಇಲ್ಲಿಂದಲೇ ಕುರ್ಲಾಕ್ಕೆ ಹೊರಟಿತು. 2004ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 2008ರ ನವೆಂಬರ್ 26ರ ರಾತ್ರಿ ಇಲ್ಲಿ ಭಯೋತ್ಪಾದಕರ ಗುಂಡಿಗೆ 50ಕ್ಕೂ ಹೆಚ್ಚು ಜನ ಬಲಿಯಾದರು. ಸತ್ತವರಲ್ಲಿ ಬಹಳಷ್ಟು ಮಂದಿ ದೂರದೂರಿನ ರೈಲಿಗೆ ಕಾದು ಕೂತಿದ್ದವರು. ಮರುದಿನ ರೈಲುಗಳು ಮತ್ತೆ ಓಡಿದವು. ಪರಂಪರೆಯ ಕಟ್ಟಡಗಳೆಂದರೆ ಹಗ್ಗ ಕಟ್ಟಿ ಜನರನ್ನು ದೂರವಿಡುವವೇ ಹೆಚ್ಚು. ಇದು ಇವತ್ತಿಗೂ 18 ಪ್ಲಾಟ್‌ಫಾರಂಗಳ ನಿಲ್ದಾಣ, ಮೇಲಾಗಿ ಮಧ್ಯ ರೈಲ್ವೆಯ ಕೇಂದ್ರ ಕಚೇರಿ.

ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬಂದವರು ಪೂರ್ವದ ಪ್ಲಾಟ್‌ಫಾರಂಗಳಲ್ಲಿಳಿದು, ಅದೇ ಬದಿಯಿಂದ ಟ್ಯಾಕ್ಸಿ ಹಿಡಿದು ಹೋಗಿಬಿಡುತ್ತಾರೆ. ಕಟ್ಟಡದ ಮುಖ ನೋಡಿಯೇ ಇರುವುದಿಲ್ಲ. ಮುಂದಿನ ಸಲ ಹಾಗೆ ಮಾಡಬೇಡಿ. ಪಶ್ಚಿಮಕ್ಕೆ ಮುಖ ಮಾಡಿದ ಕಟ್ಟಡವಿದು, ಸಂಜೆಯ ಬಿಸಿಲು ನೇರ ಬೀಳುತ್ತದೆ. ಆ ಹೊತ್ತಿಗೆ ಸಬ್‌ವೇ ದಾಟಿ ಎದುರು ಹೋಗಿ ನಿಲ್ಲಿ. ಒಳಗಿನ ಮೆಟ್ಟಿಲನ್ನೂ ನೋಡುವ ಆಸೆಯಿದ್ದರೆ, ಪಾರಂಪರಿಕ ವೀಕ್ಷಣೆಗೆ ಅವಕಾಶ ಯಾವಾಗ ಎಂದು ಮೊದಲೇ ವಿಚಾರಿಸಿಕೊಂಡು ಹೋಗಿ.