ಹಾಲಿನ ಕ್ಯಾನು ಮತ್ತು ಮಕ್ಕಳ ತೋಳಿನ ಬಲ



ಟಿಲ್ಲರ್ ಬಂದು ಎತ್ತಿನ ಬೇಸಾಯ ಕಡಿಮೆಯಾಗಿದ್ದರೂ ಹೋರಿ ಪಳಗಿಸಿದ ಹಿರಿಯರು ನಿಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ. ಮೈ ಎಷ್ಟೇ ಉದ್ದ ಬೆಳೆದಿದ್ದರೂ 2 ವರ್ಷದ ಹೋರಿಗೆ ಅವರು ನೊಗ ಇಡುತ್ತಿರಲಿಲ್ಲ. 3ರ ಸುಮಾರಿಗೆ ಪಳಗಿಸಿ, 4 ತುಂಬಿದ ಮೇಲೆಯೇ ಪೂರ್ತಿ ಕೆಲಸಕ್ಕೆ ಹಚ್ಚುವುದು ರೂಢಿ. ಆದರೆ ಬೆಳಕೆಯ ಕಡೆ ಬೆಳಗಿನ ಹಾಲು ಹಾಕುವ ಹೊತ್ತಿಗೆ, ಒಂದು ಬದಿಗೆ ವಾಲಿಕೊಂಡು ಕ್ಯಾನು ತರುವ 12-13ರ ಹುಡುಗರು ಕಾಣುತ್ತಾರೆ. ಕೇಳಿದರೆ, "ಆಳೆತ್ತರ ಆಗಿದ್ದಾನಲ್ಲ ಡಾಕ್ಟ್ರೇ" ಎಂಬ ಉತ್ತರ ಬರುತ್ತದೆ. ಪಶುವೈದ್ಯನಿಗೆ ಮಕ್ಕಳ ಉಸಾಬರಿ ಏಕೆ ಎನ್ನಬೇಡಿ. ಸ್ನಾಯು ಬೆಳೆಯುವ ಕ್ರಮ ಕರುವಿನಲ್ಲೂ ಮಗುವಿನಲ್ಲೂ ಬಹುಮಟ್ಟಿಗೆ ಒಂದೇ.

ಸ್ನಾಯುವಿನ ಎಳೆಗಳ ಸಂಖ್ಯೆ ಬಹುಪಾಲು ಹುಟ್ಟುವ ಹೊತ್ತಿಗೇ ನಿಗದಿಯಾಗಿರುತ್ತದೆ. ಆಮೇಲೆ ಆ ಎಳೆಗಳು ಉದ್ದವೂ ದಪ್ಪವೂ ಆಗುತ್ತವೆ. ಸುಮಾರು 10-11 ವರ್ಷದವರೆಗೆ ಹುಡುಗ ಹುಡುಗಿಯರ ಬಲದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಈ ವಯಸ್ಸಿನಲ್ಲಿ ಅಭ್ಯಾಸದಿಂದ ಬಲ ಹೆಚ್ಚಿದರೆ, ಅದು ನರಗಳು ಇರುವ ಸ್ನಾಯುವನ್ನು ಚೆನ್ನಾಗಿ ದುಡಿಸಿಕೊಳ್ಳಲು ಕಲಿತದ್ದರಿಂದಲೇ ಹೊರತು ಸ್ನಾಯು ದಪ್ಪವಾದದ್ದರಿಂದ ಅಲ್ಲ.

ಗಮನಿಸಬೇಕಾದ ಕಾಲ ಮುಂದಿನದು. ಹುಡುಗಿಯರು 11-12ರ ಸುಮಾರಿಗೆ, ಹುಡುಗರು 13-14ರ ಸುಮಾರಿಗೆ ದಿಢೀರನೆ ಎತ್ತರವಾಗುತ್ತಾರೆ. ಮೊದಲು ಮೂಳೆ ಉದ್ದವಾಗುತ್ತದೆ. ಬಲ ವೇಗವಾಗಿ ಏರುವುದು, ಅದರಲ್ಲೂ ಹುಡುಗರಲ್ಲಿ, ಅದಾಗಿ ಸುಮಾರು ಒಂದು ವರ್ಷದ ನಂತರ. ಅಂದರೆ ಆಳೆತ್ತರದ ಹುಡುಗನಿಗೆ ಆಳಿನ ಬಲ ಬಂದಿರುವುದಿಲ್ಲ. ಮೂಳೆಯ ತುದಿಗಳೂ ಆಗ ಇನ್ನೂ ಮೆದು. ಸ್ನಾಯು ಅಂಟಿಕೊಂಡ ಜಾಗಕ್ಕೆ ಜಗ್ಗಾಟ ಹೆಚ್ಚು. ಈ ವಯಸ್ಸಿನ ಮಕ್ಕಳು ಮೊಣಕಾಲಿನ ಚಿಪ್ಪಿನ ಕೆಳಗೆ ನೋವು ಎಂದರೆ ಸೋಮಾರಿತನವೆಂದು ಗದರಿಸಬೇಡಿ, ವೈದ್ಯರಿಗೆ ತೋರಿಸಿ.

ಇಡೀ ದಿನ ಗದ್ದೆ ಬಯಲಿನಲ್ಲಿ ಓಡುವವನಿಗೆ ಹಸುವಿನ ಹಗ್ಗ ಹಿಡಿಯಲು ಆಗದೇ ಎಂದು ನೀವು ಕೇಳಬಹುದು. ಚಿಕ್ಕ ಮಕ್ಕಳು ಓಡಿ ದಣಿದರೂ ದೊಡ್ಡವರಿಗಿಂತ ಬೇಗ ಸುಧಾರಿಸಿಕೊಳ್ಳುತ್ತಾರೆ ಎಂಬುದು ನಿಜ. ಆದರೆ ರಾಸು ಬೆದರಿ ಜಗ್ಗಿದಾಗ ಬೇಕಾಗುವುದು ಒಂದೇ ಕ್ಷಣದಲ್ಲಿ ಹೊಮ್ಮುವ ಬಲ, ಮತ್ತು ಮೈತೂಕ. ಮಲೆನಾಡು ಗಿಡ್ಡದ ಮಾತು ಬೇರೆ, 300 ಕೆ.ಜಿ. ಆಸುಪಾಸಿನ ಮಿಶ್ರತಳಿ ಹಸುವಿನ ಮುಂದೆ 40 ಕೆ.ಜಿ.ಯ ಹುಡುಗ ಏನೂ ಅಲ್ಲ. ಮಕ್ಕಳಾಗಲಿ ದೊಡ್ಡವರಾಗಲಿ ಹಗ್ಗವನ್ನು ಕೈಗೆ ಸುತ್ತಿಕೊಳ್ಳಲೇಬಾರದು.

ಇನ್ನು ಕ್ಯಾನಿನ ಲೆಕ್ಕ. ಒಂದು ಲೀಟರ್ ಹಾಲು ಸುಮಾರು 1.03 ಕೆ.ಜಿ. ತೂಗುತ್ತದೆ. 10 ಲೀಟರಿಗೆ ಕ್ಯಾನಿನ ತೂಕವೂ ಸೇರಿದರೆ 12 ಕೆ.ಜಿ.ಗೆ ಕಡಿಮೆಯಿಲ್ಲ. ಶಾಲಾ ಚೀಲದ ತೂಕ ಮಗುವಿನ ತೂಕದ ನೂರಕ್ಕೆ 10ನ್ನು ಮೀರಬಾರದೆಂದು ಕೇಂದ್ರ ಸರ್ಕಾರದ 2020ರ ನೀತಿ ಹೇಳುತ್ತದೆ, 40 ಕೆ.ಜಿ.ಯ ಮಗುವಿಗೆ ಅದು 4 ಕೆ.ಜಿ. ಅದೂ ಬೆನ್ನಿನ ಮೇಲೆ, ಎರಡೂ ಹೆಗಲಿಗೆ ಸಮನಾಗಿ. ಮಕ್ಕಳೇ ಹಾಲು ತರಬೇಕಾದ ಮನೆಯಲ್ಲಿ ಎರಡು ಚಿಕ್ಕ ಕ್ಯಾನು ಮಾಡಿ, ಒಂದೊಂದು ಕೈಗೆ ಒಂದೂವರೆ ಲೀಟರಿನಂತೆ ಕೊಡಿ. ಉಳಿದದ್ದನ್ನು ದೊಡ್ಡವರು ತನ್ನಿ, ಇಲ್ಲವೆ ಸೈಕಲ್ಲಿಗೆ ಕಟ್ಟಿ.

ಕೊನೆಗೊಂದು ಮಾತು, ಸಂಘದ ಲೆಕ್ಕಕ್ಕೆ ತುಸು ನಷ್ಟವೇ ಆದರೂ ಹೇಳುತ್ತೇನೆ. ಕರೆದದ್ದನ್ನೆಲ್ಲ ಸಂಘಕ್ಕೆ ಹಾಕಿ ಮಕ್ಕಳಿಗೆ ಕಪ್ಪು ಚಹಾ ಕೊಡುವ ಮನೆಗಳಿವೆ. 200 ಮಿ.ಲೀ. ಹಾಲಿನಲ್ಲಿ 6 ಗ್ರಾಮಿಗೂ ಮಿಕ್ಕಿ ಪ್ರೋಟೀನು ಇದೆ, ಮೂಳೆಗೆ ಬೇಕಾದ ಸುಣ್ಣದ ಅಂಶವೂ ಇದೆ. ಕ್ಯಾನು ತುಂಬುವ ಮೊದಲು ಮಗುವಿನ ಲೋಟ ತುಂಬಿ ಬದಿಗಿಡಿ.