ಯಕ್ಸಂಬಾ ಶಾಸನ: ಅಧಿಕಾರ ಯಾರದು?

ಚಿಕ್ಕೋಡಿ ತಾಲೂಕಿನ ಯಕ್ಸಂಬಾದ (ಏಕಸಂಬಿ) ಕ್ರಿ.ಶ. 1165ರ ಶಾಸನದಲ್ಲಿ ನಾನು ಮೊದಲು ನೋಡೋದು ಬಿರುದುಗಳನ್ನಲ್ಲ, ಯಾರು ಯಾರಿಗೆ ಕೊಟ್ಟರು ಅನ್ನೋದನ್ನ. ನೇಮಿನಾಥ ಬಸದಿ ಕಟ್ಟಿಸಿದವನು ಕೊಲ್ಲಾಪುರದ ಶಿಲಾಹಾರ ವಿಜಯಾದಿತ್ಯನ ಸೇನಾಪತಿ ಕಾಲಣ. ಅದನ್ನು ವಹಿಸಿಕೊಂಡವರು ಯಾಪನೀಯ ಸಂಘದ ಮುನಿ ವಿಜಯಕೀರ್ತಿ. ಬಸದಿಯ ಹೆಸರು ಕೇಳಿ ಬಂದು ದತ್ತಿ ಬಿಟ್ಟವನು ಮಾತ್ರ ಬೇರೆ ಮನೆತನದವನು, ಸವದತ್ತಿಯ ರಟ್ಟ ಕಾರ್ತವೀರ್ಯ.

ಪಕ್ಕದ ಅರಸನ ಸೇನಾಪತಿ ಕಟ್ಟಿಸಿದ ಬಸದಿಗೆ ಇವನೇಕೆ ಕೊಡಬೇಕು? ನನಗನಿಸೋದು, ಆ ಸೀಮೆಯ ಜನ ಕೈಮುಗಿಯುವ ಗುರುವಿಗೆ ಕೊಟ್ಟರೆ ತನ್ನ ಮಾತೂ ಅಲ್ಲಿ ನಡೀತದೆ. ನಮ್ಮ ಆಫೀಸುಗಳಲ್ಲೂ ಹಾಗೇ: ಹುದ್ದೆ ಒಬ್ಬರದು, ಮಾತು ನಡೆಯೋದು ಇನ್ನೊಬ್ಬರದು.

ಗಡಿಭಾಗದ ಶಾಸನ ಕಂಡರೆ 'ನಮ್ಮದೋ, ಅವರದೋ' ಅಂತ ಜಗಳ ಶುರು. ಈ ಕಲ್ಲಿನಲ್ಲಿ ಎರಡೂ ಮನೆತನಗಳಿವೆ. ಹಾಗಾಗಿ ದಾನಿಯ ಹೆಸರಿಗೇ ನಿಲ್ಲಬೇಡಿ, ದಾನ ಪಡೆದವರನ್ನೂ ಓದಿ.